‘ಆಗುತ್ತೆ ಸಾರ್’ ಅನ್ನುವ ಉತ್ತರ

ತುಮಕೂರಿನ ಹಿರೇಹಳ್ಳಿ ಕಡೆಯ ಒಂದು ಗಾರ್ಮೆಂಟ್ಸ್‌ಗೆ ನಾನು ಫ್ಲೋರ್ ಇನ್‌ಚಾರ್ಜ್ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಚೆಕಿಂಗ್ ಟೇಬಲ್‌ನಿಂದ ಕೂಗು ಬಂತು. ಹೋಗಿ ನೋಡಿದರೆ ನೀಲಿ ಶರ್ಟುಗಳ ರಾಶಿ. ಮೈ ಒಂದು ನೀಲಿ, ತೋಳು ಇನ್ನೊಂದು ನೀಲಿ. ಟ್ಯೂಬ್‌ಲೈಟಿನ ಕೆಳಗೆ ಗೊತ್ತಾಗದ ವ್ಯತ್ಯಾಸ ಬಣ್ಣ ಪರೀಕ್ಷಿಸುವ ಲೈಟ್‌ಬಾಕ್ಸಿನೊಳಗೆ ಹಿಡಿದರೆ ಕಣ್ಣಿಗೆ ಹೊಡೆಯುತ್ತಿತ್ತು. ಎಣಿಸಿದೆವು, 312 ಪೀಸು.

ಬಟ್ಟೆಯ ಒಂದು ರೋಲಿಗೂ ಇನ್ನೊಂದು ರೋಲಿಗೂ ಬಣ್ಣದಲ್ಲಿ ಕೂದಲೆಳೆಯಷ್ಟು ಫರಕು ಇದ್ದೇ ಇರುತ್ತದೆ. ಅದಕ್ಕೇ ಕಟಿಂಗ್ ಆದ ಕೂಡಲೇ ಪ್ರತಿ ತುಂಡಿಗೂ ನಂಬರಿನ ಸ್ಟಿಕರ್ ಅಂಟಿಸುತ್ತಾರೆ. 14ನೇ ನಂಬರಿನ ಮೈಗೆ 14ನೇ ನಂಬರಿನ ತೋಳೇ ಕೂರಬೇಕು. ಅವತ್ತು ತೋಳಿನ ಕಟ್ಟುಗಳು ಅದಲುಬದಲಾಗಿದ್ದವು. ಬಂಡಲ್ ಬಿಚ್ಚಿ ಕೊಡುವ ಹೆಲ್ಪರ್ ಹುಡುಗಿ ಅದನ್ನು ಬೆಳಿಗ್ಗೆ ಹತ್ತೂಕಾಲಿಗೇ ನೋಡಿದ್ದಳು. ನೋಡಿ ಸುಮ್ಮನಿದ್ದಳು. ಯಾಕಮ್ಮ ಹೇಳಲಿಲ್ಲ ಅಂದರೆ, ಬಹಳ ಹೊತ್ತು ನೆಲ ನೋಡಿ, “ನಿನ್ನೆ ದಾರ ಕೇಳೋಕೆ ಬಂದೋಳಿಗೆ ನೀವು ಬೈದ್ರಲ್ಲ ಸಾರ್” ಅಂದಳು.

ಬೈದದ್ದು ನನಗೆ ನೆನಪೇ ಇರಲಿಲ್ಲ. ಅದೂ ಅವಳಿಗೆ ಬೈದದ್ದಲ್ಲ, ಬೇರೆ ಯಾರಿಗೋ. ಹತ್ತೂಕಾಲಿಗೆ ಹೇಳಿದ್ದರೆ ಇಪ್ಪತ್ತು ಪೀಸು ಬಿಚ್ಚಿ ಹೊಲಿದರೆ ಮುಗಿಯುತ್ತಿತ್ತು. ನನ್ನ ಒಂದು ನಿಮಿಷದ ಸಿಟ್ಟಿಗೆ 292 ಶರ್ಟಿನ ಬೆಲೆ ಬಿತ್ತು.

ಆಮೇಲೆ ಹಲವು ವರ್ಷ ಬೇರೆ ಬೇರೆ ಕಡೆ ಕೆಲಸ ಮಾಡಿದೆ, ಸೂಪರ್‌ವೈಸರುಗಳಿಗೆ ತರಬೇತಿ ಕೊಡುವ ಕೆಲಸವನ್ನೂ ಮಾಡಿದೆ. ಒಳ್ಳೆಯ ಲೀಡರ್ ಅಂದರೆ ಯಾರು ಅಂತ ತರಬೇತಿಯಲ್ಲಿ ಕೇಳಿದರೆ ಜನ ಧೈರ್ಯ, ದೂರದೃಷ್ಟಿ, ಮಾತುಗಾರಿಕೆ ಅಂತ ಪಟ್ಟಿ ಕೊಡುತ್ತಾರೆ. ನನ್ನ ಅಳತೆಗೋಲು ಅಷ್ಟು ದೊಡ್ಡದಲ್ಲ. ಕೆಟ್ಟ ಸುದ್ದಿ ಅವರ ಹತ್ತಿರ ಎಷ್ಟು ಬೇಗ ಬರುತ್ತದೆ? ಹತ್ತೂಕಾಲಿಗೋ, ಸಂಜೆ ನಾಲ್ಕಕ್ಕೋ? ಚೆನ್ನಾಗಿ ಕೆಲಸ ನಡೆಸುವವರ ದಿನನಿತ್ಯದ ಅಭ್ಯಾಸಗಳನ್ನು ಬಿಡಿಸಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಈ ಒಂದು ಕೆಲಸಕ್ಕೇ ದುಡಿಯುತ್ತಿರುತ್ತವೆ.

ಮೆಟ್ಟಿಲು ಹತ್ತುವಾಗ ಮೆತ್ತಗಾಗುವ ಸುದ್ದಿ

ಹೆಲ್ಪರ್ ಹೇಳುತ್ತಾಳೆ, “ಕಾಲರ್ ಮಶೀನು ನಿಂತೋಗಿದೆ.” ಸೂಪರ್‌ವೈಸರ್ ಇನ್‌ಚಾರ್ಜ್‌ಗೆ ಹೇಳುತ್ತಾನೆ, “ಕಾಲರಲ್ಲಿ ಸ್ವಲ್ಪ ಪ್ರಾಬ್ಲಂ ಇದೆ, ಮೆಕ್ಯಾನಿಕ್ ನೋಡ್ತಾವ್ನೆ.” ಇನ್‌ಚಾರ್ಜ್ ಪ್ರೊಡಕ್ಷನ್ ಮ್ಯಾನೇಜರ್‌ಗೆ, “ನೋಡ್ತಾ ಇದೀವಿ ಸಾರ್, ಕವರ್ ಮಾಡ್ತೀವಿ.” ಮ್ಯಾನೇಜರ್ ಮೇಲಿನವರಿಗೆ, “ಆಗುತ್ತೆ ಸಾರ್.” ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಒಬ್ಬೊಬ್ಬರೂ ಚೂರು ಚೂರು ಕೆರೆದರು, ಅಷ್ಟೇ. ಮೇಲೆ ಮುಟ್ಟುವ ಹೊತ್ತಿಗೆ ನಿಂತ ಮಶೀನು ಓಡುತ್ತಿತ್ತು.

ಈ ‘ಆಗುತ್ತೆ’ ಅನ್ನುವ ಪದವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ‘ಮಾಡ್ತೀನಿ’ ಅಂದರೆ ಅದರೊಳಗೆ ಮಾಡುವ ಒಬ್ಬ ಮನುಷ್ಯ ಇದ್ದಾನೆ. ‘ಆಗುತ್ತೆ’ಯೊಳಗೆ ಯಾರೂ ಇಲ್ಲ. ಮಳೆಯಾಗುತ್ತೆ, ಸಂಜೆಯಾಗುತ್ತೆ, ಹಾಗೆಯೇ ಆರ್ಡರೂ ಆಗುತ್ತೆ. ನಾನು ಕಂಡಂತೆ ಆ ಉತ್ತರಕ್ಕೆ ಮೂರು ನಾಲ್ಕು ಅರ್ಥ ಇರುತ್ತವೆ: ನಿಜವಾಗಿಯೂ ಆಗುತ್ತದೆ; ಆಗಬಹುದು, ದೇವರು ದೊಡ್ಡವನು; ಆಗುವುದಿಲ್ಲ, ಆದರೆ ನಿಮ್ಮ ಮುಖಕ್ಕೆ ಹೇಳಲಾರೆ; ಮೊದಲು ನೀವು ಇಲ್ಲಿಂದ ಹೊರಡಿ. ಅನುಭವ ಇರುವ ಮೇಲಿನವರು ಇದಕ್ಕೆ ಸಿಟ್ಟಾಗುವುದಿಲ್ಲ. “ಯಾರು ಮಾಡ್ತಾರೆ? ಎಷ್ಟೊತ್ತಿಗೆ? ಅಷ್ಟೊತ್ತಿಗೆ ಆಗ್ಲಿಲ್ಲ ಅಂದ್ರೆ ನಂಗೆ ಯಾರು ಹೇಳ್ತಾರೆ?” ಅಂತ ಮೆಲ್ಲಗೆ ಕೇಳುತ್ತಾರೆ. ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಮೂರರಲ್ಲಿ ಅದೇ ಮುಖ್ಯ.

ಸುದ್ದಿ ಹೀಗೆ ಅಡಗುವುದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಅಮೆರಿಕದ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅನ್ನುವುದು ಅವರ ಎಣಿಕೆ. ಲೆಕ್ಕ ಬಂದಾಗ ಉಲ್ಟಾ. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ತಪ್ಪಿನ ಸಂಖ್ಯೆ ಜಾಸ್ತಿ! ಕೆದಕಿದಾಗ ಕಾರಣ ಹೊಳೆಯಿತು: ಆ ತಂಡದವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ತಪ್ಪು ಕಾಗದದ ಮೇಲೆ ಕಡಿಮೆ ಇತ್ತು, ವಾರ್ಡಿನಲ್ಲಿ ಅಲ್ಲ. 1999ರಲ್ಲಿ ಅವರು ಈ ಗುಣಕ್ಕೆ ತಂಡದ ಮಾನಸಿಕ ಸುರಕ್ಷತೆ ಅನ್ನುವ ಅರ್ಥದ ಹೆಸರಿಟ್ಟು ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈಗ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಆ ಹೆಸರು ಮಂತ್ರದಂತೆ ಓಡಾಡುತ್ತದೆ. ಹೆಸರು ಬಿಡಿ. ತಿಂಗಳ ರಿಪೋರ್ಟಿನಲ್ಲಿ ಒಂದೂ ತಪ್ಪಿಲ್ಲದ ಲೈನು ಕಂಡರೆ ಹೊಗಳುವ ಮುಂಚೆ ಒಂದು ಸಲ ಅಲ್ಲಿಗೆ ಹೋಗಿ ನಿಂತುಕೊಳ್ಳುವುದು ಒಳ್ಳೆಯದು.

ಅದೇ ಹೊತ್ತು, ಅದೇ ದಾರಿ

ನಾನು ಹತ್ತಿರದಿಂದ ನೋಡಿದ ಅತ್ಯುತ್ತಮ ಇನ್‌ಚಾರ್ಜ್ ಒಬ್ಬ ಹೆಂಗಸು. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಇದ್ದರು. ಬೆಳಿಗ್ಗೆ ಲೈನು ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಒಂದು ಸುತ್ತು, ಊಟ ಆಗಿ ಹತ್ತು ನಿಮಿಷಕ್ಕೆ ಇನ್ನೊಂದು ಸುತ್ತು. ದಿನವೂ ಅದೇ ಹೊತ್ತು, ಅದೇ ದಾರಿ. ಹೊಸದಾಗಿ ಬಂದ ನನಗೆ ಅದು ಪೆದ್ದುತನ ಅನ್ನಿಸಿತ್ತು, ಹೇಳದೆ ಕೇಳದೆ ಹೋದರೆ ತಾನೆ ಕಳ್ಳರು ಸಿಕ್ಕುವುದು? ಕೇಳಿಯೂಬಿಟ್ಟೆ. “ನಾನು ಕಳ್ಳರ್ನ ಹಿಡಿಯೋಕೆ ಬರ್ತಿಲ್ಲಪ್ಪ. ನಾನು ಬರ್ತೀನಿ ಅಂತ ಗೊತ್ತಿದ್ರೆ ಹೇಳ್ಬೇಕಾದ್ದನ್ನ ಎತ್ತಿಟ್ಕೊಂಡಿರ್ತಾರೆ” ಅಂದರು.

ನಿಜ. ಮಶೀನಿನ ಮೇಲೆ ಕೂತವಳು ಎದ್ದು ಆಫೀಸಿನ ತನಕ ಬಂದರೆ ಅವಳ ಗಂಟೆಯ ಪೀಸಿನ ಲೆಕ್ಕ ಬೀಳುತ್ತದೆ, ಅಕ್ಕಪಕ್ಕದವರು ಏನೋ ಚಾಡಿ ಹೇಳೋಕೆ ಹೋದಳು ಅಂತ ನೋಡುತ್ತಾರೆ, ಒಳಗೆ ಎಸಿ ರೂಮಿನಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಅನ್ನುವ ಗೊಂದಲ ಬೇರೆ. “ನನ್ನ ಬಾಗಿಲು ಯಾವಾಗಲೂ ತೆಗೆದಿರುತ್ತೆ, ಯಾರು ಬೇಕಾದ್ರೂ ಬರಬಹುದು” ಅನ್ನುವ ಮ್ಯಾನೇಜರುಗಳು ಆ ಬಾಗಿಲಿನ ತನಕ ನಡೆಯುವ ಖರ್ಚನ್ನು ಲೆಕ್ಕ ಹಾಕಿಲ್ಲ. ಖರ್ಚು ಕಡಿಮೆ ಇರುವವರೇ ನಡೆಯಬೇಕು.

ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಇದನ್ನೇ ಯಂತ್ರಕ್ಕೆ ಕಟ್ಟಿಬಿಟ್ಟಿದ್ದಾರೆ. ಲೈನಿನ ಉದ್ದಕ್ಕೂ ಒಂದು ಹಗ್ಗ (ಈಗ ಕೆಲವು ಕಡೆ ಬಟನ್). ಏನಾದರೂ ಸರಿಯಿಲ್ಲ ಅನ್ನಿಸಿದರೆ ಕೆಲಸಗಾರ ಅದನ್ನು ಎಳೆಯುತ್ತಾನೆ, ಮೇಲೆ ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಆ ಹಂತ ಮುಗಿಯುವುದರೊಳಗೆ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಇದಕ್ಕೆ ‘ಆಂಡನ್’ ಅನ್ನುತ್ತಾರೆ. ನಮ್ಮಲ್ಲೂ ಕೆಲವು ಕಡೆ ಕೆಂಪು ದೀಪ, ಬಟನ್ ಎಲ್ಲ ಬಂದಿವೆ. ದೀಪ ಹತ್ತಿದಾಗ ಬಂದವನು “ಮತ್ತೆ ನಿಂದೇನಾ?” ಅಂದರೆ ಆ ಬಟನ್ ಮೇಲೆ ಧೂಳು ಕೂರುತ್ತದೆ.

ಇಷ್ಟೆಲ್ಲಾ ಓಡಾಡೋಕೆ ಟೈಮೆಲ್ಲಿದೆ ಅನ್ನುವುದು ಎಲ್ಲರ ದೂರು. ಕೆನಡಾದ ಹೆನ್ರಿ ಮಿಂಟ್ಸ್‌ಬರ್ಗ್ ಐವರು ಕಂಪನಿ ಮುಖ್ಯಸ್ಥರ ಜೊತೆ ಒಂದೊಂದು ವಾರ ಕೂತು ಅವರು ಮಾಡಿದ್ದನ್ನೆಲ್ಲ ಗಡಿಯಾರ ಹಿಡಿದು ಬರೆದುಕೊಂಡರು. 1973ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷದೊಳಗೆ ಮುಗಿದುಹೋಗುತ್ತಿದ್ದವು, ಗಂಟೆ ದಾಟಿದ್ದು ಹತ್ತರಲ್ಲಿ ಒಂದು ಮಾತ್ರ. ಮೊಬೈಲು, ವಾಟ್ಸಾಪ್ ಇಲ್ಲದ ಕಾಲದ ಲೆಕ್ಕ ಇದು. ಅಂದರೆ ಮೇಲಿನವರ ದಿನ ಯಾವತ್ತೂ ಚೂರುಚೂರೇ. ಪುರುಸೊತ್ತು ಸಿಕ್ಕಾಗ ಜನರ ಜೊತೆ ಕೂತು ಮಾತಾಡುತ್ತೇನೆ ಅಂದುಕೊಂಡವನಿಗೆ ಆ ಪುರುಸೊತ್ತು ರಿಟೈರ್ ಆದ ಮೇಲೆ ಸಿಗುತ್ತದೆ. ಅಂತರಸನಹಳ್ಳಿಯ ಆ ಇನ್‌ಚಾರ್ಜ್ ಮಾಡಿದ್ದು ಇಷ್ಟೇ, ಆ ಚೂರುಗಳಲ್ಲಿ ಎರಡನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಸುತ್ತು ಹೊಡೆಯುವುದು ಅರ್ಧ ಕೆಲಸ. ಇನ್ನರ್ಧ ಪ್ರಶ್ನೆಯಲ್ಲಿದೆ. “ಎಲ್ಲಾ ಸರಿ ಇದೆಯಾ?” ಅಂತ ಕೇಳಿದರೆ “ಹೂಂ ಸಾರ್” ಅನ್ನುವುದು ಬಿಟ್ಟು ಇನ್ನೇನು ಹೇಳಬೇಕು? ಊಟ ಆಯ್ತಾ ಅಂದರೆ ಆಯ್ತು ಅನ್ನುವ ಹಾಗೆ ಅದು. ಆಕೆ ಕೇಳುತ್ತಿದ್ದದ್ದು, “ಇವತ್ತು ಎಲ್ಲಿ ಸಿಕ್ಕಾಕ್ಕೋತೀವಿ?” ಈ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಖಾತ್ರಿ, ಜಾಗ ಯಾವುದು ಅಂತ ಮಾತ್ರ ಹೇಳಬೇಕು. ಮತ್ತೆ ‘ಸಿಕ್ಕಾಕ್ಕೋತೀರ’ ಅಲ್ಲ, ‘ಸಿಕ್ಕಾಕ್ಕೋತೀವಿ’. ಇಡೀ ಲೈನಿನ ಜೊತೆ ಅವರೂ ಸಿಕ್ಕಿಬೀಳಲು ತಯಾರು.

ಹೆಸರು ಹಿಡಿದು ಮಾತಾಡಿಸುವುದರ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರುಗಳಿಗೆ ಒಂದು ಪಟ್ಟಿ ಕೊಟ್ಟಿತು. ಅದರಲ್ಲಿ ಇರುವ ಒಂದು ಸಾಲು: ಕತ್ತಿ ಹಾಕುವ ಮುಂಚೆ ಒಳಗಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ಸರ್ಜನ್‌ನಿಂದ ಹಿಡಿದು ನರ್ಸ್‌ವರೆಗೆ. ಒಮ್ಮೆ ಬಾಯಿ ತೆರೆದವರು ಅಪಾಯ ಕಂಡಾಗ ಮತ್ತೆ ಬಾಯಿ ತೆರೆಯುತ್ತಾರೆ ಅನ್ನುವುದು ಇದರ ಹಿಂದಿನ ತರ್ಕ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಪಟ್ಟಿಯನ್ನು ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಆದರೆ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳಲ್ಲಿ ಇದೇ ಪಟ್ಟಿ ಬಂದ ಮೇಲೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ ಅಂತ 2014ರಲ್ಲಿ ಇನ್ನೊಂದು ಅಧ್ಯಯನ ಬಂತು. ಯಾಕೆ ಅನ್ನುವ ವಾದ ಬಹಳ ನಡೆದಿದೆ. ಟಿಕ್ ಹಾಕುವುದೇ ಬೇರೆ, ಮಾತಾಡುವುದೇ ಬೇರೆ ಅನ್ನುವ ವಿವರಣೆ ನನಗೆ ಹಿಡಿಸುತ್ತದೆ, ಯಾಕೆಂದರೆ ನಮ್ಮ ‘ಮಾರ್ನಿಂಗ್ ಮೀಟಿಂಗ್’ಗಳ ಗತಿ ನಾನು ನೋಡಿದ್ದೇನೆ. ಎಲ್ಲರೂ ನಿಂತು ಸೇಫ್ಟಿ ಪ್ರತಿಜ್ಞೆ ಓದುತ್ತಾರೆ, ಫೋಟೊ ಗ್ರೂಪಿಗೆ ಹೋಗುತ್ತದೆ, ಮುಗಿಯಿತು.

ಹೇಳದೆ ಉಳಿದ ತಾರೀಖು

ಸುದ್ದಿ ಕೆಳಗಿನಿಂದ ಮೇಲಕ್ಕೆ ಬಂದರೆ ಸಾಲದು. ಮೇಲಿನದೂ ಕೆಳಕ್ಕೆ ಇಳಿಯಬೇಕು, ಅದರಲ್ಲೂ ಕೆಟ್ಟದ್ದು.

2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಗಲಭೆ ಎದ್ದದ್ದು ದೇಶವೇ ನೋಡಿದ ಸುದ್ದಿ. ಗಾಜು ಒಡೆದವು, ವಾಹನಗಳು ಉರುಳಿದವು. ವಾರದೊಳಗೆ ಆಪಲ್ ಕಂಪನಿಯೇ ಹೇಳಿಕೆ ಕೊಟ್ಟಿತು: ಕೆಲಸದ ಗಂಟೆಗಳನ್ನು ಲೆಕ್ಕ ಇಡುವ ವ್ಯವಸ್ಥೆ ಸರಿಯಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು. ಒಡೆದದ್ದು ಸರಿ ಅಂತ ಯಾರೂ ಹೇಳುವುದಿಲ್ಲ. ಆದರೆ ಅಕ್ಟೋಬರಿನಿಂದ ಡಿಸೆಂಬರ್ 12ರವರೆಗೆ ಎಷ್ಟು ದಿನ ಇತ್ತು ಲೆಕ್ಕ ಹಾಕಿ. ಆ ದಿನಗಳಲ್ಲಿ ಎಷ್ಟೋ ಜನ ಯಾರ್‍ಯಾರನ್ನೋ “ನನ್ ದುಡ್ಡು ಕಮ್ಮಿ ಬಂದಿದೆ” ಅಂತ ಕೇಳಿರಲೇಬೇಕು. ಆ ಮಾತೋ, ಅದಕ್ಕೆ ಮೇಲಿನಿಂದ ಬರಬೇಕಾದ ಉತ್ತರವೋ ಎಲ್ಲೋ ಒಂದು ಮೆಟ್ಟಿಲಿನಲ್ಲಿ ಕೂತುಬಿಟ್ಟಿರಬೇಕು.

ಇದಕ್ಕೆ ಪರಿಹಾರವಾಗಿ ನಾನು ಕಲಿತ ಅಭ್ಯಾಸ ಬಹಳ ಸಪ್ಪೆ. ಜೇಬಿನಲ್ಲಿ ಹತ್ತು ರೂಪಾಯಿಯ ಸಣ್ಣ ನೋಟ್‌ಬುಕ್. ಯಾರು ಏನು ಕೇಳಿದರೂ ಅವರ ಎದುರಿಗೇ ಬರೆದುಕೊಳ್ಳುವುದು. ಇಎಸ್‌ಐ ಕಾರ್ಡಿನಲ್ಲಿ ಹೆಸರು ತಪ್ಪಿದೆ, ಪಿಎಫ್‌ಗೆ ಆಧಾರ್ ಜೋಡಣೆ ಆಗಿಲ್ಲ, ಒಟಿ ಎರಡು ಗಂಟೆ ಕಮ್ಮಿ ತೋರಿಸುತ್ತಿದೆ, ಬಸ್ಸು ಶಿರಾ ಗೇಟಿನ ಹತ್ತಿರ ನಿಲ್ಲಿಸುತ್ತಿಲ್ಲ. ಬರೆದು, “ಗುರುವಾರ ಹೇಳ್ತೀನಿ” ಅನ್ನುವುದು. ಗುರುವಾರ ಉತ್ತರ ಸಿಗದಿದ್ದರೂ ಹೋಗಿ, “ಇನ್ನೂ ಆಗಿಲ್ಲಮ್ಮ, ಎಚ್‌ಆರ್‌ನವರು ಸೋಮವಾರ ಅಂದಿದಾರೆ” ಅಂತ ಹೇಳಿ ಬರುವುದು. ಕೈಯಲ್ಲಿ ಏನೂ ಇಲ್ಲದೆ ಹೋಗಿ ಹೇಳಿ ಬರುವ ಈ ಗುರುವಾರವೇ ಕಷ್ಟ. ಕೆಲಸ ಆದಾಗ ಹೇಳಲು ಎಲ್ಲರೂ ಓಡುತ್ತಾರೆ. ಆಗದಿದ್ದಾಗ ನಾವು ಬೇರೆ ದಾರಿಯಲ್ಲಿ ಕ್ಯಾಂಟೀನಿಗೆ ಹೋಗುತ್ತೇವೆ.

ಕೋಲಾರದ ಎಪಿಎಂಸಿಯಲ್ಲಿ ನನಗೆ ಪರಿಚಯದ ಒಬ್ಬ ಟೊಮ್ಯಾಟೊ ಮಂಡಿ ಯಜಮಾನರು ಇದ್ದಾರೆ. ಯಾವ ತರಬೇತಿಗೂ ಹೋದವರಲ್ಲ, ಒಂದೇ ಉಸಿರಿನಲ್ಲಿ ತೆಲುಗು ಕನ್ನಡ ಎರಡನ್ನೂ ಆಡುವವರು. ಅಲ್ಲಿ ವ್ಯಾಪಾರ 15 ಕೆ.ಜಿ.ಯ ಬಾಕ್ಸಿನ ಲೆಕ್ಕ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದೂ ಅಲ್ಲೇ, ಬೇರೆ ವರ್ಷಗಳಲ್ಲಿ ಕೊಯ್ದ ಕೂಲಿ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಅಲ್ಲೇ. ರೇಟು ಬಿದ್ದ ದಿನ ಹರಾಜು ಮುಗಿಯುತ್ತಿದ್ದಂತೆ ಇವರು ತಮ್ಮ ಖಾಯಂ ರೈತರಿಗೆ ತಾವೇ ಫೋನ್ ಮಾಡುತ್ತಾರೆ: ಇವತ್ತು ಇಷ್ಟಕ್ಕೇ ಹೋಯಿತು, ನಾಳೆ ಕಾಯಿ ತಡೆಯುವ ಹಾಗಿದ್ದರೆ ಕೊಯ್ಯಬೇಡಿ. ರೇಟು ಏರಿದಾಗ ಮಾಡುವುದಿಲ್ಲ. “ಏರಿದ್ದು ಅವರಿಗೇ ಗೊತ್ತಾಗುತ್ತೆ, ಅವರೇ ಮಾಡ್ತಾರೆ” ಅನ್ನುತ್ತಾರೆ. ಮಾಲು ಕಡಿಮೆ ಬಂದರೆ ಕಮಿಷನ್ ಕಡಿಮೆ, ಅದು ಗೊತ್ತಿದ್ದೂ ಮಾಡುತ್ತಾರೆ.

ಇನ್ನು ಅಧಿಕಾರ ಹಂಚುವುದರ ಬಗ್ಗೆ ಎಲ್ಲರೂ ಉದ್ದುದ್ದ ಮಾತಾಡುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರ ಶಿಸ್ತಿನ ಬಗ್ಗೆ ಹೇಳುವವರು ಎರಡು ಮೇಣದಬತ್ತಿಯ ಕತೆ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟ ಅವರ ತೂಬು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಒಂದು ಮಟ್ಟ ಮುಟ್ಟುವ ತನಕ ಮುಚ್ಚಿಕೊಂಡು ನೀರು ಉಳಿಸುತ್ತಿದ್ದವು, ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುತ್ತಿದ್ದವು. ಮಧ್ಯರಾತ್ರಿ ಪ್ರವಾಹ ಬಂದರೆ ಸಾಹೇಬರನ್ನು ಎಬ್ಬಿಸಿ ಅಪ್ಪಣೆ ಕೇಳಬೇಕಾಗಿರಲಿಲ್ಲ. ಲೈನಿನಲ್ಲೂ ಬೇಕಾದದ್ದು ಅಂಥ ಒಂದು ಗೆರೆ. ಮಶೀನು ಹದಿನೈದು ನಿಮಿಷದೊಳಗೆ ಸರಿಹೋದರೆ ನನಗೆ ಹೇಳಬೇಡಿ, ಹದಿನಾರನೇ ನಿಮಿಷಕ್ಕೆ ಹೇಳದೆ ಇರಬೇಡಿ. ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದವನು ಒಂದೋ ಎಲ್ಲಕ್ಕೂ ಬರುತ್ತಾನೆ, ಇಲ್ಲ ಯಾವುದಕ್ಕೂ ಬರುವುದಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಗ್ರೂಪಿಗೆ ಸೂರ್ಯೋದಯದ ಚಿತ್ರದ ಜೊತೆ ಸುಭಾಷಿತ ಹಾಕುವುದು, ಇವುಗಳಿಂದ ಲೈನಿಗೆ ಏನಾದರೂ ಆದದ್ದನ್ನು ನಾನು ಕಂಡಿಲ್ಲ. ಕೆಲಸದಲ್ಲಿ ಪರಿಣತಿ ಬೇಕೇ? ಬೇಕು, ಆದರೆ ನಾವು ಅಂದುಕೊಂಡಷ್ಟು ಮೇಲೆ ಅಲ್ಲ. ಗೂಗಲ್ ತನ್ನದೇ ಮ್ಯಾನೇಜರುಗಳ ಮೇಲೆ ನಡೆಸಿದ ‘ಪ್ರಾಜೆಕ್ಟ್ ಆಕ್ಸಿಜನ್’ನಲ್ಲಿ ಒಳ್ಳೆಯ ಮ್ಯಾನೇಜರಿನ ಎಂಟು ಗುಣ ಪಟ್ಟಿಯಾದವು. ಕಂಪ್ಯೂಟರ್ ಜಾಣರ ಆ ಕಂಪನಿಯಲ್ಲೇ ತಾಂತ್ರಿಕ ಜ್ಞಾನ ಎಂಟನೆಯದು, ಜೊತೆಗಿದ್ದು ಕಲಿಸುವ ಗುಣ ಮೊದಲನೆಯದು.

ಮೊದಲ ಹತ್ತು ಸೆಕೆಂಡು

ಇಷ್ಟೆಲ್ಲ ಮಾಡಿ, ಕೊನೆಗೆ ಯಾರೋ ಒಬ್ಬರು ಬಂದು ಕೆಟ್ಟ ಸುದ್ದಿ ಹೇಳಿದಾಗ ನಿಮ್ಮ ಮುಖ ಹೇಗಾಗುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೇಳಿದವರು ಮಾತ್ರ ಅಲ್ಲ, ಸುತ್ತ ಕೂತ ನಲವತ್ತು ಜನವೂ ಮಶೀನು ಓಡಿಸುತ್ತಲೇ ನಿಮ್ಮ ಮುಖವನ್ನು ಓದುತ್ತಿರುತ್ತಾರೆ.

ಹಾಗಂತ ಎಲ್ಲದಕ್ಕೂ ಪರವಾಗಿಲ್ಲ ಅನ್ನಬೇಕು ಅಂತಲ್ಲ. ಈ ವಿಷಯದಲ್ಲಿ ಹೊಸ ಸೂಪರ್‌ವೈಸರುಗಳು ಗೊಂದಲಕ್ಕೆ ಬೀಳುತ್ತಾರೆ. ಕೈತಪ್ಪಿ ಆದದ್ದು ಬೇರೆ, ಗೊತ್ತಿಲ್ಲದೆ ಆದದ್ದು ಬೇರೆ. ಎರಡು ಸಲ ಹೇಳಿದ ಮೇಲೂ ಸ್ಪೀಡು ಬರಲಿ ಅಂತ ಸೂಜಿಯ ಗಾರ್ಡು ಬಿಚ್ಚಿಟ್ಟು ಹೊಲಿಯುವುದು ಇನ್ನೂ ಬೇರೆ. ಮೂರನೆಯದಕ್ಕೆ ಮೆಮೊ ಕೊಡಲೇಬೇಕು, ನಾನೂ ಕೊಟ್ಟಿದ್ದೇನೆ. ಆದರೆ ಯಾವುದು ಯಾವ ಜಾತಿಯದು ಅಂತ ಗೊತ್ತಾಗಬೇಕಾದರೆ ಪೂರ್ತಿ ಕೇಳಬೇಕು. ಕೇಳುವ ಮೊದಲೇ ಬೈದರೆ ಮೂರೂ ಒಂದೇ ಆಗಿಬಿಡುತ್ತವೆ.

ಗಾರ್ಮೆಂಟ್ಸ್‌ನಲ್ಲಿ ಇದರ ನಿಜವಾದ ಪರೀಕ್ಷೆ ಮುರಿದ ಸೂಜಿ. ಹೊಲಿಯುವಾಗ ಸೂಜಿ ಮುರಿದರೆ ಸುಮ್ಮನೆ ಹೊಸದು ಹಾಕಿಕೊಳ್ಳುವಂತಿಲ್ಲ. ಮುರಿದ ಚೂರುಗಳನ್ನೆಲ್ಲ ಹುಡುಕಿ ತಂದು ತೋರಿಸಬೇಕು. ಅವನ್ನು ಜೋಡಿಸಿ, ಪೂರ್ತಿ ಸೂಜಿ ಆಯಿತು ಅಂತ ನೋಡಿ, ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಿ, ಟೈಮು ಬರೆದು ಸಹಿ ಮಾಡಿದ ಮೇಲೆ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಪೀಸುಗಳೆಲ್ಲ ಮೆಟಲ್ ಡಿಟೆಕ್ಟರ್‌ಗೆ ಹೋಗಬೇಕು. ಲೈನು ನಿಲ್ಲುತ್ತದೆ, ಟಾರ್ಗೆಟ್ ಬೀಳುತ್ತದೆ, ಎಲ್ಲರ ಕಣ್ಣೂ ಅವಳ ಮೇಲೆ. ಚೀಲದಲ್ಲಿ ಒಂದು ಸೂಜಿ ಬಚ್ಚಿಟ್ಟುಕೊಂಡು ಬಂದರೆ ಈ ರಾಮಾಯಣ ಯಾವುದೂ ಇಲ್ಲ. ಯಾರಿಗೂ ಗೊತ್ತೂ ಆಗುವುದಿಲ್ಲ, ಎಲ್ಲೋ ಒಂದು ದೇಶದಲ್ಲಿ ಒಂದು ಮಗುವಿನ ಕುತ್ತಿಗೆಗೆ ಚುಚ್ಚುವ ತನಕ.

ನೀಲಿ ಶರ್ಟಿನ ಪ್ರಸಂಗ ಆಗಿ ಎರಡು ವರ್ಷದ ಮೇಲೆ, ಬೇರೆ ಕಾರ್ಖಾನೆಯಲ್ಲಿ, ಮಕ್ಕಳ ಬಟ್ಟೆಯ ಆರ್ಡರು ಓಡುತ್ತಿತ್ತು. ಶಿಪ್‌ಮೆಂಟಿಗೆ ಒಂದೇ ದಿನ. ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಸಾಲಿನ ಟೈಲರ್ ಒಬ್ಬಾಕೆ, ಐವತ್ತರ ಹತ್ತಿರದವರು, ಕೈ ಎತ್ತಿದರು. ಹೋದೆ. ಅಂಗೈ ಬಿಡಿಸಿ ತೋರಿಸಿದರು, ಸೂಜಿಯ ಎರಡು ಚೂರು. “ತುದಿ ಸಿಗ್ತಿಲ್ಲ ಸಾರ್.” ನನ್ನ ಹೊಟ್ಟೆಯೊಳಗೆ ಏನಾಯಿತು ಅಂತ ಬರೆಯುವುದಿಲ್ಲ. “ಹೇಳಿದ್ದು ಒಳ್ಳೇದಾಯ್ತಮ್ಮ, ಎಲ್ಲಿ, ನಾನೂ ಹುಡುಕ್ತೀನಿ” ಅಂದೆ. ದನಿ ನೆಟ್ಟಗಿತ್ತು ಅಂದುಕೊಂಡಿದ್ದೇನೆ. ಮಶೀನಿನ ಕೆಳಗೆ ಮಂಡಿಯೂರಿ ಆಯಸ್ಕಾಂತ ಆಡಿಸಿದೆವು, ಪೆಡಲಿನ ಸಂದಿ ನೋಡಿದೆವು, ಬಾಬಿನ್ ಕೇಸು ಬಿಚ್ಚಿ ನೋಡಿದೆವು. ಇಪ್ಪತ್ತು ನಿಮಿಷ. ಸಿಗಲಿಲ್ಲ. ಮೂವತ್ತೆರಡು ಪೀಸುಗಳನ್ನು ಡಬ್ಬಕ್ಕೆ ಹಾಕಿ ಡಿಟೆಕ್ಟರ್ ಹತ್ತಿರ ಒಯ್ದು ಒಂದೊಂದಾಗಿ ಬಿಟ್ಟೆವು.

ಹತ್ತೊಂಬತ್ತನೆಯದಕ್ಕೆ ಕೂಗಿತು. ತುದಿ ಕಾಲರಿನ ಒಳಮಡಿಕೆಯಲ್ಲಿತ್ತು. ಆಕೆ ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದು, ರಿಜಿಸ್ಟರಿನಲ್ಲಿ ತಾವೇ ಟೇಪು ಹಾಕಿ ಅಂಟಿಸಿ, ಟೈಮು ಬರೆದರು: 3.47.